ಕಹಳೆ ಧ್ವನಿವರ್ಧಕಗಳಲ್ಲಿ ದ್ವಿವರ್ಧನ ಮತ್ತು ಸಂವೇದಿತ್ವದ ಹೊಂದಾಣಿಕೆ: ಮಧ್ಯ ಕರ್ನಾಟಕದ ಬಯಲು ಸಭೆಗಳ ಹಿನ್ನೆಲೆಯಲ್ಲಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ‘ಮೈಕು’ ಎಂಬ ಮಾತಿಗೆ ಇರುವ ಅರ್ಥ ಗಮನಾರ್ಹವಾದುದು. ‘ಊರಲ್ಲಿ ಮೈಕು ಹಾಕಿದ್ದಾರೆ’ ಎಂದಾಗ ಬಾಯಿಯ ಮುಂದೆ ಹಿಡಿಯುವ ಮೈಕ್ರೊಫೋನನ್ನು ಯಾರೂ ನೆನೆಯುವುದಿಲ್ಲ. ಕಂಬಕ್ಕೋ ಬೇವಿನ ಮರಕ್ಕೋ ಕಟ್ಟಿದ, ಹೂವಿನಂತೆ ಬಾಯಿ ತೆರೆದ ಲೋಹದ ಕಹಳೆಯೇ ಅಲ್ಲಿ ಮೈಕು. ಈ ಬಳಕೆ ಕನ್ನಡ ನಾಡಿನ ಬೇರೆಡೆಗಳಲ್ಲಿಯೂ ಇದೆ. ಮಾತನ್ನು ಹಿಡಿಯುವ ಸಾಧನದ ಹೆಸರು ಮಾತನ್ನು ಹೊರಡಿಸುವ ಸಾಧನಕ್ಕೆ ಸಂದುಹೋದದ್ದು ತಪ್ಪು ತಿಳಿವಳಿಕೆಯಿಂದಲ್ಲ. ಬಯಲಿನಲ್ಲಿ ಕುಳಿತ ಕೇಳುಗನ ಪಾಲಿಗೆ ಇಡೀ ವ್ಯವಸ್ಥೆಯೆಂದರೆ ಆ ಕಹಳೆ ಮಾತ್ರ. ಜಾತ್ರೆ, ಮದುವೆ, ಹರಿಕಥೆ, ಕಂಪನಿ ನಾಟಕ, ಚುನಾವಣೆಯ ಸಭೆ, ಒಂದು ಕಾಲದ ಟೂರಿಂಗ್ ಟಾಕೀಸು ಇವೆಲ್ಲವೂ ಜನರ ಕಿವಿಯನ್ನು ತಲುಪಿದ್ದು ಅದರ ಮೂಲಕವೇ.

ಇಂಥ ಸಭೆಗಳಲ್ಲಿ ಹಿಂದಿನ ಸಾಲಿನವರಿಂದ ಬರುವ ದೂರು ಒಂದೇ ಬಗೆಯದು: ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಇದಕ್ಕೆ ಸಾಮಾನ್ಯವಾಗಿ ಮಾಡುವ ಉಪಾಯವೂ ಒಂದೇ, ಆಂಪ್ಲಿಫಯರಿನ ಗುಬುಟನ್ನು ಇನ್ನಷ್ಟು ತಿರುಗಿಸುವುದು. ಕಹಳೆ ಧ್ವನಿವರ್ಧಕದ ಮಟ್ಟಿಗೆ ಈ ಉಪಾಯ ಬಹುಪಾಲು ನಿಷ್ಫಲವಾದುದು. ಅಲ್ಲಿ ಕೊರತೆಯಿರುವುದು ಸಾಮರ್ಥ್ಯದಲ್ಲಲ್ಲ; ಮಂದ್ರ ಸ್ವರಗಳನ್ನು ನುಡಿಸುವ ಭಾಗಕ್ಕೂ ತಾರ ಸ್ವರಗಳನ್ನು ನುಡಿಸುವ ಭಾಗಕ್ಕೂ ನಡುವಣ ಅಸಮತೆಯಲ್ಲಿ. ಈ ಅಸಮತೆ ಎಲ್ಲಿಂದ ಹುಟ್ಟುತ್ತದೆ, ಅದನ್ನು ಆಂಪ್ಲಿಫಯರಿನ ಹಿಂದೆ ಸರಿಪಡಿಸುವುದಕ್ಕೂ ಮುಂದೆ ಸರಿಪಡಿಸುವುದಕ್ಕೂ ಇರುವ ವ್ಯತ್ಯಾಸವೇನು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಾಲ್ಕು ತಾಲ್ಲೂಕುಗಳನ್ನು ಒಟ್ಟಿಗೆ ಪರಿಗಣಿಸಲು ಆಡಳಿತದ ಕಾರಣಕ್ಕಿಂತ ಭೂಗುಣದ ಕಾರಣ ಮುಖ್ಯವಾದುದು. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಯಿಂದಲೂ ಜಗಳೂರು ಚಿತ್ರದುರ್ಗ ಜಿಲ್ಲೆಯಿಂದಲೂ ಬಂದು ಸೇರಿದವು. ನ್ಯಾಮತಿ ಅನಂತರದಲ್ಲಿ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ಅಡಿಕೆ ತೋಟಗಳ ಚನ್ನಗಿರಿ, ತುಂಗಭದ್ರೆಯ ದಂಡೆಯ ಹೊನ್ನಾಳಿ, ಮಲೆನಾಡಿನ ಅಂಚಿನ ನ್ಯಾಮತಿ, ಮರವಿರಳವಾದ ಒಣಬಯಲಿನ ಜಗಳೂರು ಇವು ಒಂದೇ ಧ್ವನಿಯನ್ನು ಒಂದೇ ಬಗೆಯಲ್ಲಿ ಒಯ್ಯುವುದಿಲ್ಲ. ದಾವಣಗೆರೆಯಿಂದ ಬಾಡಿಗೆಗೆ ಹೊರಟ ಒಂದೇ ಮೈಕ್‌ಸೆಟ್ ಈ ನಾಲ್ಕೂ ಕಡೆ ಬೇರೆ ಬೇರೆಯಾಗಿ ಕೇಳಿಸುವುದಕ್ಕೆ ಕಾರಣಗಳಿವೆ. ಅವನ್ನು ಮುಂದೆ ನೋಡಬಹುದು.

ಕಹಳೆಯ ಗುಣ

ಹೊಲದ ಆಚೆ ಬದುವಿನಲ್ಲಿರುವವರನ್ನು ಕೂಗುವಾಗ ಎರಡೂ ಕೈಗಳನ್ನು ಬಾಯಿಗೆ ಒಡ್ಡುವುದು ಎಲ್ಲರಿಗೂ ತಿಳಿದ ರೂಢಿ. ಕಹಳೆಯ ತತ್ತ್ವ ಇದರಲ್ಲಿಯೇ ಅಡಗಿದೆ. ಗಾಳಿ ಹಗುರವಾದ ವಸ್ತು; ಅದರ ಮುಂದೆ ಅಲುಗುವ ಪಟಲ ಎಷ್ಟೇ ಬಲವಾಗಿ ಅಲುಗಿದರೂ ಗಾಳಿ ಪಕ್ಕಕ್ಕೆ ಜಾರಿಹೋಗುತ್ತದೆ, ಹಿಡಿತಕ್ಕೆ ಸಿಗುವುದಿಲ್ಲ. ಆದ್ದರಿಂದ ಪೆಟ್ಟಿಗೆಯಲ್ಲಿ ಕೂರಿಸಿದ ಸಾಮಾನ್ಯ ಸ್ಪೀಕರಿನಲ್ಲಿ ಪೂರೈಸಿದ ವಿದ್ಯುತ್ತಿನ ನೂರರಲ್ಲಿ ಅರ್ಧ ಅಥವಾ ಒಂದು ಪಾಲು ಮಾತ್ರ ಧ್ವನಿಯಾಗುತ್ತದೆ. ಉಳಿದುದು ಸುರುಳಿಯಲ್ಲಿ ಶಾಖವಾಗಿ ಕಳೆದುಹೋಗುತ್ತದೆ. ಪಟಲದ ಮುಂದೆ ಕಿರಿದಾದ ಕಂಠವನ್ನಿಟ್ಟು, ಅದು ಕ್ರಮವಾಗಿ ಹಿಗ್ಗುತ್ತ ಹೋಗುವಂತೆ ಮಾಡಿದರೆ ಗಾಳಿಯ ಕಂಬವೊಂದು ಪಟಲಕ್ಕೆ ಎದುರಾಗಿ ನಿಲ್ಲುತ್ತದೆ. ಪಟಲದ ಸಣ್ಣ ಚಲನೆ, ದೊಡ್ಡ ಒತ್ತಡ ಇವು ಕಹಳೆಯ ಬಾಯಲ್ಲಿ ದೊಡ್ಡ ಚಲನೆ, ಸಣ್ಣ ಒತ್ತಡಗಳಾಗಿ ಪರಿವರ್ತನೆ ಹೊಂದುತ್ತವೆ. ಹಿಗ್ಗುವ ಕೊಳವೆಯಲ್ಲಿ ಧ್ವನಿ ಚಲಿಸುವ ಬಗೆಗೆ ಅಮೆರಿಕದ ಭೌತವಿಜ್ಞಾನಿ ಆರ್ಥರ್ ಗಾರ್ಡನ್ ವೆಬ್‌ಸ್ಟರ್ 1919ರಲ್ಲಿ ಪ್ರಕಟಿಸಿದ ಸಮೀಕರಣ ಇಂದಿಗೂ ಕಹಳೆಗಳ ವಿನ್ಯಾಸಕ್ಕೆ ಆಧಾರವಾಗಿದೆ.

1926ರಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಸಂಸ್ಥೆ ಮಾತಿನ ಚಿತ್ರಗಳಿಗಾಗಿ ತಂದ 555 ಎಂಬ ಕಂಪ್ರೆಷನ್ ಡ್ರೈವರ್ ಇದೇ ತತ್ತ್ವದ ಮೇಲೆ ನಿಂತುದು. ಅಂದಿನ ನಿರ್ವಾತ ನಳಿಗೆಗಳ ಆಂಪ್ಲಿಫಯರುಗಳು ಕೊಡುತ್ತಿದ್ದುದು ಕೆಲವೇ ವಾಟುಗಳು; ಅಷ್ಟರಲ್ಲಿಯೇ ದೊಡ್ಡ ಚಿತ್ರಮಂದಿರ ತುಂಬಬೇಕಿತ್ತು. ಭಾರತದಲ್ಲಿ 1931ರಲ್ಲಿ ‘ಆಲಂ ಆರಾ’, ಕನ್ನಡದಲ್ಲಿ 1934ರಲ್ಲಿ ‘ಸತಿ ಸುಲೋಚನಾ’ ಬಂದಾಗ ಪರದೆಯ ಹಿಂದೆ ನುಡಿದದ್ದು ಈ ಕಹಳೆಗಳ ಯುಗ. ಅದೇ ದಶಕದಲ್ಲಿ ಮುಂಬಯಿಯ ಚಿಕಾಗೊ ರೇಡಿಯೊ ಸಂಸ್ಥೆಯ ಧ್ವನಿವರ್ಧಕಗಳು ರಾಷ್ಟ್ರೀಯ ಚಳವಳಿಯ ಸಭೆಗಳಲ್ಲಿ ಬಳಕೆಗೆ ಬಂದವು. 1940ರಲ್ಲಿ ಸ್ಥಾಪನೆಯಾದ ದೆಹಲಿಯ ಅಹುಜಾ ಸಂಸ್ಥೆಯ ಹೆಸರಂತೂ ಮುಂದೆ ಹಳ್ಳಿಹಳ್ಳಿಯ ಶಾಮಿಯಾನ ಅಂಗಡಿಯವರ ನಾಲಿಗೆಯ ಮೇಲೆ ನಿಂತಿತು.

ಕಹಳೆಯ ಲಾಭವನ್ನು ಅಳೆಯುವ ಮಾನವೇ ಸಂವೇದಿತ್ವ. ಸ್ಪೀಕರಿಗೆ ಒಂದು ವಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ದೊರೆಯುವ ಧ್ವನಿಮಟ್ಟವನ್ನು ಡೆಸಿಬೆಲ್‌ಗಳಲ್ಲಿ ಹೇಳಿದರೆ ಅದು ಅದರ ಸಂವೇದಿತ್ವ. ಮನೆಯ ಸಾಧಾರಣ ಸ್ಪೀಕರ್ 88 ಡೆಸಿಬೆಲ್ ಕೊಟ್ಟರೆ ಕಂಪ್ರೆಷನ್ ಡ್ರೈವರ್ ಕೂಡಿಸಿದ ಉತ್ತಮ ಕಹಳೆ 105ರಿಂದ 110 ಡೆಸಿಬೆಲ್ ಕೊಡುತ್ತದೆ. ಸಂಖ್ಯೆಗಳ ಅಂತರ ಸಣ್ಣದಾಗಿ ಕಂಡರೂ ಅದರ ಅರ್ಥ ದೊಡ್ಡದು. ಪ್ರತಿ 10 ಡೆಸಿಬೆಲ್ ಹತ್ತು ಪಟ್ಟು ಸಾಮರ್ಥ್ಯಕ್ಕೆ ಸಮ. 108 ಡೆಸಿಬೆಲ್‌ನ ಕಹಳೆ ಒಂದು ವಾಟಿನಲ್ಲಿ ಮಾಡುವ ಕೆಲಸವನ್ನು 88 ಡೆಸಿಬೆಲ್‌ನ ಸ್ಪೀಕರ್ ಮಾಡಲು 100 ವಾಟ್ ಬೇಕು. ತೆರೆದ ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಧ್ವನಿಮಟ್ಟ 6 ಡೆಸಿಬೆಲ್ ಇಳಿಯುವುದರಿಂದ 100 ಮೀಟರಿನಲ್ಲಿ ಒಟ್ಟು ಇಳಿತ 40 ಡೆಸಿಬೆಲ್. ಅಂದರೆ ಒಂದೇ ವಾಟ್ ಪಡೆದ ಕಹಳೆ 100 ಮೀಟರ್ ದೂರದವನಿಗೆ 68 ಡೆಸಿಬೆಲ್ ತಲುಪಿಸುತ್ತದೆ. ಎದುರುಬದುರು ಕುಳಿತು ಆಡುವ ಮಾತು ಸುಮಾರು 60 ಡೆಸಿಬೆಲ್. ಬ್ಯಾಟರಿಯ ಮೇಲೆ ನಡೆಯುತ್ತಿದ್ದ ಹಳೆಯ ಮೈಕ್‌ಸೆಟ್ ಇಡೀ ಜಾತ್ರೆಗೆ ಸಾಕಾಗುತ್ತಿದ್ದುದರಲ್ಲಿ ಪವಾಡವೇನೂ ಇರಲಿಲ್ಲ.

ಅಸಮತೆಯ ಮೂಲ

ಕಹಳೆಗೆ ಒಂದು ಮಿತಿಯಿದೆ. ಎಲ್ಲ ತೊಡಕುಗಳೂ ಅದರಿಂದಲೇ ಹುಟ್ಟುತ್ತವೆ. ಕಹಳೆಯ ಬಾಯಿಯ ಸುತ್ತಳತೆ ತಾನು ನುಡಿಸಬೇಕಾದ ಅತ್ಯಂತ ಕೆಳಗಿನ ಸ್ವರದ ತರಂಗದೂರಕ್ಕೆ ಸರಿಸುಮಾರು ಸಮನಾಗಿರಬೇಕು. 300 ಹರ್ಟ್ಸ್ ಆವೃತ್ತಿಗೆ ತರಂಗದೂರ ಸುಮಾರು 1.13 ಮೀಟರ್, ಬಾಯಿಯ ವ್ಯಾಸ 36 ಸೆಂಟಿಮೀಟರ್ ಇದ್ದರೆ ಸಾಕು. ಕಂಬದ ಮೇಲಿನ ಕಹಳೆಗಳು ಹೆಚ್ಚುಕಡಮೆ ಇದೇ ಗಾತ್ರದವು. ಮೃದಂಗದ ಎಡಭಾಗವನ್ನೂ ಡೊಳ್ಳನ್ನೂ ಅವುಗಳ ಗಾಂಭೀರ್ಯದೊಡನೆ ಕೇಳಿಸಲು 40 ಹರ್ಟ್ಸ್‌ನವರೆಗೆ ಇಳಿಯಬೇಕೆಂದರೆ ತರಂಗದೂರ ಎಂಟೂವರೆ ಮೀಟರ್, ಬಾಯಿಯ ವ್ಯಾಸ 2.7 ಮೀಟರ್ ಆಗುತ್ತದೆ. ಅದನ್ನು ಲಾರಿಯಲ್ಲಿ ಹೇರಿಕೊಂಡು ಊರೂರು ತಿರುಗುವುದು ಆಗದ ಮಾತು. ಪಾಲ್ ಕ್ಲಿಪ್ಶ್ 1940ರ ದಶಕದಲ್ಲಿ ಮಡಿಸಿದ ಕಹಳೆಯನ್ನು ಕೋಣೆಯ ಮೂಲೆಗೆ ಒತ್ತಿ ನಿಲ್ಲಿಸಿ, ಗೋಡೆಗಳನ್ನೇ ಕಹಳೆಯ ಮುಂದುವರಿಕೆಯಾಗಿ ಬಳಸಿ ಈ ತೊಡಕನ್ನು ಚತುರತೆಯಿಂದ ದಾಟಿದರು. ಬಯಲಿಗೆ ಮೂಲೆಯಿಲ್ಲ.

ಹೀಗಾಗಿ ಮಂದ್ರದ ಭಾಗಕ್ಕೆ 15 ಅಥವಾ 18 ಅಂಗುಲದ ಸ್ಪೀಕರ್ ಕೂರಿಸಿದ ಪೆಟ್ಟಿಗೆ, ತಾರದ ಭಾಗಕ್ಕೆ ಕಹಳೆ ಎಂಬ ಮಿಶ್ರ ವ್ಯವಸ್ಥೆ ಜಗತ್ತಿನಾದ್ಯಂತ ರೂಢಿಗೆ ಬಂತು. 1940ರ ದಶಕದಿಂದ ಚಿತ್ರಮಂದಿರಗಳಲ್ಲಿ ಪ್ರಸಿದ್ಧವಾದ ಆಲ್ಟೆಕ್ ಸಂಸ್ಥೆಯ ‘ವಾಯ್ಸ್ ಆಫ್ ದ ಥಿಯೇಟರ್’ ಈ ಜಾತಿಯದೇ. ಒಳ್ಳೆಯ ಮಂದ್ರದ ಪೆಟ್ಟಿಗೆಯ ಸಂವೇದಿತ್ವ 98 ಡೆಸಿಬೆಲ್ ಎಂದೂ ಅದರ ಮೇಲಿನ ಕಹಳೆಯದು 108 ಎಂದೂ ಇಟ್ಟುಕೊಂಡರೆ, ಎರಡಕ್ಕೂ ಒಂದೇ ಸಂಕೇತ ಕೊಟ್ಟಾಗ ಕಹಳೆ 10 ಡೆಸಿಬೆಲ್ ಮುಂದಿರುತ್ತದೆ. ಕಿವಿಗೆ ಅದು ಇಮ್ಮಡಿ ಗಟ್ಟಿ.

ಇದರ ಪರಿಣಾಮ ಬರಿಯ ಕರ್ಕಶತೆಯಲ್ಲಿ ಮುಗಿಯುವುದಿಲ್ಲ. ಕಂಪನಿ ನಾಟಕಗಳ ರಂಗದ ಅಂಚಿನಲ್ಲಿ ಮೈಕ್ರೊಫೋನುಗಳನ್ನು ಮೇಲಿನಿಂದ ತೂಗುಬಿಡುವುದು ವಾಡಿಕೆ. ಪಾತ್ರಧಾರಿ ಅದರಿಂದ ಒಂದೆರಡು ಮಾರು ದೂರದಲ್ಲಿ ನಿಂತು ಮಾತನಾಡಬೇಕು. ಆಗ ಕಹಳೆಯ ಧ್ವನಿ ಮರಳಿ ಮೈಕ್ರೊಫೋನನ್ನು ಸೇರಿ, ಸುತ್ತು ಪೂರ್ಣಗೊಂಡು ಸೆಟ್ಟು ಕೂಗಿಕೊಳ್ಳುತ್ತದೆ. ಯಾವ ಆವೃತ್ತಿಯಲ್ಲಿ ವ್ಯವಸ್ಥೆಯ ಪ್ರತಿಸ್ಪಂದನ ಅತ್ಯಂತ ಎತ್ತರದಲ್ಲಿದೆಯೋ ಮೊದಲು ಕೂಗುವುದು ಅಲ್ಲಿಯೇ. ತಾರದ ಭಾಗ 10 ಡೆಸಿಬೆಲ್ ಎತ್ತರದಲ್ಲಿದ್ದರೆ ಎರಡು ಮೂರು ಸಾವಿರ ಹರ್ಟ್ಸ್‌ಗಳ ಸುತ್ತ ಕೂಗು ಏಳುತ್ತದೆ. ನಿರ್ವಾಹಕ ಒಟ್ಟು ಧ್ವನಿಯನ್ನೇ ತಗ್ಗಿಸುತ್ತಾನೆ. ಮಂದ್ರದ ಭಾಗವೂ ಅದರೊಡನೆ ಮುಳುಗುತ್ತದೆ. ನಟನ ದನಿಯ ಮೈ ಕಳೆದುಹೋಗಿ ತೆಳುವಾದ ತಗಡಿನ ದನಿ ಉಳಿಯುತ್ತದೆ. ಹಿಂದಿನ ಸಾಲಿಗೆ ಕೇಳಲಿಲ್ಲವೆಂದು ನಟ ಇನ್ನಷ್ಟು ಕಿರುಚುತ್ತಾನೆ. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯಂಥ ಸಂಸ್ಥೆಗೆ ನೆಲೆಯಾದ ದಾವಣಗೆರೆಯ ಸೀಮೆಯಲ್ಲಿ, ತಿಂಗಳುಗಟ್ಟಲೆ ಪ್ರತಿರಾತ್ರಿ ಪ್ರಯೋಗ ನೀಡುವ ಕಲಾವಿದರ ಕಂಠಕ್ಕೆ ಇದು ಸಣ್ಣ ಹೊರೆಯಲ್ಲ. ವೃತ್ತಿರಂಗಭೂಮಿಯ ಅಭ್ಯಾಸಿಗಳು ನಟರ ಕಂಠಶಕ್ತಿಯನ್ನು ಕೊಂಡಾಡಿರುವಷ್ಟು ಅದನ್ನು ದಣಿಸಿದ ಉಪಕರಣಗಳತ್ತ ಗಮನ ಹರಿಸಿಲ್ಲ ಎನ್ನಬೇಕಾಗುತ್ತದೆ.

ವಿಭಜನೆ ಎಲ್ಲಿ ನಡೆಯಬೇಕು?

ಸಂಕೇತವನ್ನು ಮಂದ್ರ, ತಾರ ಎಂದು ಒಡೆಯುವ ಮಂಡಲಕ್ಕೆ ಕ್ರಾಸ್‌ಓವರ್ ಎಂದು ಹೆಸರು. ಹಳೆಯ ಪದ್ಧತಿಯಲ್ಲಿ ಒಂದೇ ಆಂಪ್ಲಿಫಯರಿನಿಂದ ಹೊರಟ ವಿದ್ಯುತ್ತನ್ನು ಪೆಟ್ಟಿಗೆಯೊಳಗಿನ ಸುರುಳಿ, ಕೆಪ್ಯಾಸಿಟರುಗಳು ಎರಡು ದಾರಿಗೆ ಹಂಚುತ್ತವೆ. ಕಹಳೆಯ ಹೆಚ್ಚಿನ 10 ಡೆಸಿಬೆಲನ್ನು ಇಳಿಸಲು ಅದರ ದಾರಿಯಲ್ಲಿ ರೋಧಕಗಳನ್ನು ಇಡಲಾಗುತ್ತದೆ. ಇಲ್ಲಿ ತಾರದ ಭಾಗಕ್ಕೆಂದು ಹೊರಟ ಸಾಮರ್ಥ್ಯದ ಹತ್ತರಲ್ಲಿ ಒಂಬತ್ತು ಪಾಲು ರೋಧಕವನ್ನು ಕಾಯಿಸುವುದಕ್ಕೆ ವ್ಯಯವಾಗುತ್ತದೆ. ಕಹಳೆಯ ದಕ್ಷತೆಯನ್ನು ಸಾಧಿಸಲು ಪಟ್ಟ ಶ್ರಮವನ್ನೆಲ್ಲ ಮರಳಿ ಶಾಖಕ್ಕೆ ಸುರಿದಂತೆ.

ದ್ವಿವರ್ಧನದಲ್ಲಿ, ಅಂದರೆ ಬೈ-ಆಂಪಿಂಗ್ ಪದ್ಧತಿಯಲ್ಲಿ, ವಿಭಜನೆ ಆಂಪ್ಲಿಫಯರಿಗೆ ಮೊದಲೇ ನಡೆಯುತ್ತದೆ. ಇನ್ನೂ ವೋಲ್ಟಿನಷ್ಟು ಮಾತ್ರ ಇರುವ ಸಂಕೇತವನ್ನು ಎಲೆಕ್ಟ್ರಾನಿಕ್ ಕ್ರಾಸ್‌ಓವರ್ ಎರಡಾಗಿ ಒಡೆಯುತ್ತದೆ. ಮಂದ್ರಕ್ಕೆ ಒಂದು, ತಾರಕ್ಕೆ ಇನ್ನೊಂದು ಆಂಪ್ಲಿಫಯರ್. ಪ್ರತಿಯೊಂದೂ ತನ್ನ ಡ್ರೈವರಿಗೆ ನೇರವಾಗಿ ಸೇರುತ್ತದೆ. ಲಾಭದ ಪ್ರಮಾಣವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಮಂದ್ರದ ಸ್ಪೀಕರಿಗೆ 100 ವಾಟ್ ಬೇಕು, ಕಹಳೆಯೂ ಅಷ್ಟೇ ಗಟ್ಟಿಯಾಗಿ ನುಡಿಯಬೇಕು, ಎರಡೂ 8 ಓಮ್‌ನವು ಎಂದಿಟ್ಟುಕೊಳ್ಳೋಣ. 100 ವಾಟಿಗೆ 8 ಓಮ್‌ನಲ್ಲಿ 28.3 ವೋಲ್ಟ್ ಬೇಕು. ಅದರ ಶಿಖರ 40 ವೋಲ್ಟ್. ಹಳೆಯ ಪದ್ಧತಿಯಲ್ಲಿ ರೋಧಕವನ್ನು ದಾಟಬೇಕಾದ್ದರಿಂದ ತಾರದ ಸಂಕೇತಕ್ಕೂ ಆಂಪ್ಲಿಫಯರ್ ಇಷ್ಟೇ ವೋಲ್ಟ್ ಕೊಡಬೇಕು. ಎರಡೂ ಶಿಖರಗಳು ಒಂದೇ ಕ್ಷಣದಲ್ಲಿ ಕೂಡಿದರೆ 80 ವೋಲ್ಟ್. ಅದನ್ನು ಕತ್ತರಿಸದೆ ಹಾಯಿಸಬಲ್ಲುದು 400 ವಾಟಿನ ಆಂಪ್ಲಿಫಯರ್ ಮಾತ್ರ. ದ್ವಿವರ್ಧನದಲ್ಲಿ ಮಂದ್ರಕ್ಕೆ 100 ವಾಟ್, ಕಹಳೆಗೆ ಅದರ ಹತ್ತನೆಯ ಒಂದು ಪಾಲು, 10 ವಾಟ್. ಒಟ್ಟು 110. ನಿಜವಾದ ಸಂಗೀತದಲ್ಲಿ ತಾರದ ಪಾಲು ಮಂದ್ರಕ್ಕಿಂತ ಕಡಮೆಯಿರುವುದರಿಂದ ಅಂತರ ಇಷ್ಟು ತೀವ್ರವಾಗಿರುವುದಿಲ್ಲ. ಆದರೆ ಅದರ ದಿಕ್ಕು ಬದಲಾಗುವುದಿಲ್ಲ.

ಇನ್ನೊಂದು ಲಾಭ ರಿಪೇರಿ ಅಂಗಡಿಯವರಿಗೆ ಚೆನ್ನಾಗಿ ತಿಳಿದ ಸಂಗತಿಗೆ ಸಂಬಂಧಿಸಿದುದು. ಡೊಳ್ಳಿನ ಒಂದು ಪೆಟ್ಟಿಗೆ ಆಂಪ್ಲಿಫಯರ್ ತನ್ನ ಮಿತಿಯನ್ನು ಮುಟ್ಟಿದಾಗ ತರಂಗದ ತಲೆ ಕತ್ತರಿಸಿ, ಅದರಿಂದ ಮೂಲದಲ್ಲಿಲ್ಲದ ಮೇಲಿನ ಆವೃತ್ತಿಗಳು ಹುಟ್ಟುತ್ತವೆ. ಹಳೆಯ ಪದ್ಧತಿಯಲ್ಲಿ ಅವು ನೇರವಾಗಿ ಕಹಳೆಯ ದಾರಿ ಹಿಡಿಯುತ್ತವೆ. ‘ಯೂನಿಟ್ ಸುಟ್ಟುಹೋಯಿತು’ ಎಂದು ಪಟಲ ಬದಲಿಸಲು ಬರುವ ಕಂಪ್ರೆಷನ್ ಡ್ರೈವರುಗಳು ಎಷ್ಟೋ ವೇಳೆ ಮಂದ್ರದ ತಪ್ಪಿಗೆ ದಂಡ ತೆತ್ತವು. ಎರಡು ಆಂಪ್ಲಿಫಯರುಗಳಿದ್ದಲ್ಲಿ ಮಂದ್ರದ ಕತ್ತರಿಕೆ ಮಂದ್ರದಲ್ಲಿಯೇ ಉಳಿಯುತ್ತದೆ.

ಎರಡು ಆಂಪ್ಲಿಫಯರುಗಳನ್ನು ತಂದು, ಪೆಟ್ಟಿಗೆಯೊಳಗಿನ ಹಳೆಯ ಕ್ರಾಸ್‌ಓವರನ್ನು ಹಾಗೆಯೇ ಉಳಿಸಿ, ಎರಡಕ್ಕೂ ಪೂರ್ಣ ಸಂಕೇತ ಕೊಡುವ ವ್ಯವಸ್ಥೆಯನ್ನೂ ಕೆಲವರು ದ್ವಿವರ್ಧನವೆಂದೇ ಕರೆಯುತ್ತಾರೆ. ಅದು ಹೆಸರಿಗೆ ಮಾತ್ರ. ಅಲ್ಲಿ ಪ್ರತಿ ಆಂಪ್ಲಿಫಯರೂ ಎರಡೂ ಭಾಗಗಳ ವೋಲ್ಟನ್ನು ಹೊರಲೇಬೇಕು. ರೋಧಕವೂ ಕಾಯುತ್ತಲೇ ಇರುತ್ತದೆ.

ಹೊಂದಾಣಿಕೆಯ ಕ್ರಮ

ಸಂವೇದಿತ್ವದ ಸಂಖ್ಯೆಗಳನ್ನು ಕಾಗದದ ಮೇಲೆ ಓದಿ ಕಳೆಯುವುದರಿಂದ ಹೊಂದಾಣಿಕೆ ಆಗುವುದಿಲ್ಲ. ಇಲ್ಲಿ ಮೂರು ಕಡೆ ಎಡವುವ ಸಂಭವವಿದೆ. ಒಂದು, ತಯಾರಕರು ಕೆಲವೊಮ್ಮೆ ಒಂದು ವಾಟಿಗೆ, ಕೆಲವೊಮ್ಮೆ 2.83 ವೋಲ್ಟಿಗೆ ಅಳತೆ ಕೊಡುತ್ತಾರೆ. 8 ಓಮ್‌ನಲ್ಲಿ ಎರಡೂ ಒಂದೇ. ಆದರೆ ಹಳೆಯ ಚಿತ್ರಮಂದಿರಗಳ ಕಂಪ್ರೆಷನ್ ಡ್ರೈವರುಗಳೂ ಕಂಬದ ಕಹಳೆಯ ಯೂನಿಟ್ಟುಗಳೂ ಬಹುಮಟ್ಟಿಗೆ 16 ಓಮ್‌ನವು. 2.83 ವೋಲ್ಟ್ ಅಲ್ಲಿ ಅರ್ಧ ವಾಟ್ ಮಾತ್ರ. ಒಂದು ವಾಟಿಗೆ 108 ಡೆಸಿಬೆಲ್ ಎಂದಿರುವ 16 ಓಮ್ ಡ್ರೈವರ್ ವೋಲ್ಟಿನ ಲೆಕ್ಕದಲ್ಲಿ 105. ಆಂಪ್ಲಿಫಯರ್ ನಿಯಂತ್ರಿಸುವುದು ವೋಲ್ಟನ್ನೇ ಆದ್ದರಿಂದ 98ರ ಮಂದ್ರದೊಡನೆ ಅದರ ನಿಜವಾದ ಅಂತರ ಹತ್ತಲ್ಲ, ಏಳು. ಎರಡು, ಆಂಪ್ಲಿಫಯರುಗಳ ವರ್ಧನ ಬೇರೆ ಬೇರೆಯಾಗಿರುತ್ತದೆ. ಒಂದು 26 ಡೆಸಿಬೆಲ್, ಇನ್ನೊಂದು 32 ಡೆಸಿಬೆಲ್ ವರ್ಧಿಸುವುದಾದರೆ ಗುಬುಟುಗಳು ಒಂದೇ ಗುರುತಿನಲ್ಲಿದ್ದರೂ ನಡುವೆ 6 ಡೆಸಿಬೆಲ್ ಅಂತರ ಆಗಲೇ ಬಂದಿರುತ್ತದೆ. ಮೂರು, ಡ್ರೈವರ್ ಒಂದೇ ಆದರೂ ಕಹಳೆ ಬದಲಾದಂತೆ ಸಂವೇದಿತ್ವ ಬದಲಾಗುತ್ತದೆ. ಧ್ವನಿಯನ್ನು ಕಿರಿದಾದ ಕೋನಕ್ಕೆ ಕೂಡಿಸುವ ಕಹಳೆ ನೇರದಲ್ಲಿ ಹೆಚ್ಚು ಕೊಡುತ್ತದೆ. ಅಗಲಕ್ಕೆ ಹರಡುವುದು ಕಡಮೆ ಕೊಡುತ್ತದೆ.

ಆದ್ದರಿಂದ ಅಳತೆ ಸ್ಥಳದಲ್ಲಿಯೇ ಆಗಬೇಕು. ಮೊದಲು ಮಂದ್ರದ ಭಾಗವನ್ನು ಮಾತ್ರ ನುಡಿಸಿ, ಕೆಲವು ಮೀಟರ್ ದೂರದಲ್ಲಿ ಧ್ವನಿಮಟ್ಟ ಮಾಪಕದಿಂದ ಮಟ್ಟವನ್ನು ಗುರುತಿಸಿಕೊಳ್ಳಬೇಕು. ಅನಂತರ ಕಹಳೆಯ ಆಂಪ್ಲಿಫಯರನ್ನು ಸೊನ್ನೆಯಿಂದ ಮೇಲಕ್ಕೆ ತರುತ್ತ ಸಮ ಮಾಡಬೇಕು. ಈ ಅನುಕ್ರಮ ತಿರುಗುಮುರುಗಾಗಕೂಡದು. ಹೆಚ್ಚು ಸಂವೇದಿಯಾದುದನ್ನು ಕೆಳಗಿಳಿಸಲು ಸದಾ ಅವಕಾಶವಿದೆ. ಕಡಮೆ ಸಂವೇದಿಯಾದುದನ್ನು ಕಹಳೆಯ ಎತ್ತರಕ್ಕೆ ಏರಿಸಹೊರಟರೆ ಸುರುಳಿ ಸುಡುತ್ತದೆ.

ಮಟ್ಟ ಸಮವಾದ ಮೇಲೂ ಕಾಲದ ಪ್ರಶ್ನೆ ಉಳಿಯುತ್ತದೆ. 1930ರ ದಶಕದಲ್ಲಿ ಹಾಲಿವುಡ್ಡಿನ ಎಂ.ಜಿ.ಎಂ. ಸಂಸ್ಥೆಯಲ್ಲಿ ಎಲಿನರ್ ಪವೆಲ್ ಅವರ ಟ್ಯಾಪ್ ನೃತ್ಯವನ್ನು ಅಂದಿನ ದ್ವಿಮಾರ್ಗ ಕಹಳೆಯ ಮೇಲೆ ಕೇಳಿದಾಗ ಪ್ರತಿ ಹೆಜ್ಜೆಯೂ ಎರಡೆರಡಾಗಿ ಕೇಳಿಸಿತೆಂಬ ಪ್ರಸಂಗ ಈ ಕ್ಷೇತ್ರದ ಚರಿತ್ರೆಯಲ್ಲಿ ಪ್ರಸಿದ್ಧವಾದುದು. ಮಂದ್ರದ ಮಡಿಸಿದ ಕಹಳೆಯೊಳಗಿನ ದಾರಿ ತಾರದ ಕಹಳೆಗಿಂತ ಸುಮಾರು ಎಂಟು ಅಡಿ ಉದ್ದವಾಗಿದ್ದುದೇ ಕಾರಣ. ಧ್ವನಿಗೆ ಆ ದೂರ ಕ್ರಮಿಸಲು ಏಳು ಮಿಲಿಸೆಕೆಂಡ್ ಬೇಕು. ಡಗ್ಲಾಸ್ ಶಿಯರರ್, ಜಾನ್ ಹಿಲಿಯರ್ಡ್ ಮೊದಲಾದವರು ಮಂದ್ರದ ಕಹಳೆಯನ್ನು ಗಿಡ್ಡಗೊಳಿಸಿ ರೂಪಿಸಿದ ಶಿಯರರ್ ಕಹಳೆ ಮುಂದೆ ಚಿತ್ರಮಂದಿರಗಳಿಗೆ ಮಾದರಿಯಾಯಿತು. ಇಂದಿನ ಡಿಜಿಟಲ್ ಕ್ರಾಸ್‌ಓವರುಗಳಲ್ಲಿ ಮುಂದಿರುವ ಭಾಗವನ್ನು ಬೇಕಾದಷ್ಟು ಮಿಲಿಸೆಕೆಂಡ್ ತಡೆದು ನಿಲ್ಲಿಸಬಹುದು. 1976ರಲ್ಲಿ ಲಿಂಕ್‌ವಿಟ್ಸ್ ಮತ್ತು ರೈಲಿ ಸೂಚಿಸಿದ ಕಡಿದಾದ ವಿಭಜನೆಯೂ ಅವುಗಳಲ್ಲಿ ಸಿದ್ಧವಾಗಿರುತ್ತದೆ. ಹೊಂದಾಣಿಕೆ ಸರಿಯಾಗಿದೆಯೇ ಎಂಬುದಕ್ಕೆ ಸುಲಭ ಪರೀಕ್ಷೆಯೊಂದುಂಟು. ಇಂಥ ವಿಭಜನೆಯಲ್ಲಿ ಒಂದು ಭಾಗದ ತಂತಿಗಳನ್ನು ಅದಲುಬದಲು ಮಾಡಿದಾಗ ಸಂಧಿಯ ಆವೃತ್ತಿಯಲ್ಲಿ ಧ್ವನಿ ಆಳವಾಗಿ ಕುಸಿಯಬೇಕು. ಕುಸಿಯದಿದ್ದರೆ ಮಟ್ಟವೋ ಕಾಲವೋ ತಪ್ಪಿದೆ ಎಂದು ತಿಳಿಯಬೇಕು.

ಕಹಳೆಯ ಆಂಪ್ಲಿಫಯರ್ ಡ್ರೈವರಿಗೆ ನೇರವಾಗಿ ಸೇರುವುದರಲ್ಲಿ ಒಂದು ಅಪಾಯವೂ ಇದೆ. ಸ್ವಿಚ್ ಒತ್ತಿದ ಕ್ಷಣದ ಧಕ್ಕೆ ತೆಳುವಾದ ಪಟಲವನ್ನು ಒಡೆಯಬಲ್ಲುದು. 16 ಓಮ್ ಡ್ರೈವರಿನೊಡನೆ ಸರಣಿಯಲ್ಲಿ 20 ಮೈಕ್ರೊಫ್ಯಾರಡ್ ಕೆಪ್ಯಾಸಿಟರನ್ನಿಟ್ಟರೆ ಸುಮಾರು 500 ಹರ್ಟ್ಸ್ ಕೆಳಗಿನದೆಲ್ಲ ತಡೆಯಲ್ಪಡುತ್ತದೆ. ಸಂಧಿ ಸಾವಿರ ಹರ್ಟ್ಸ್‌ಗಿಂತ ಮೇಲಿದ್ದಲ್ಲಿ ಅದರಿಂದ ಧ್ವನಿಗೆ ಹೆಚ್ಚಿನ ಬಾಧೆಯಿಲ್ಲ. ಇದಕ್ಕಿಂತಲೂ ದೊಡ್ಡ ಅಪಾಯ ಕತ್ತಲಲ್ಲಿ ಅವಸರದಿಂದ ತಂತಿ ಜೋಡಿಸುವಾಗ ಮಂದ್ರದ ತಂತಿ ಕಹಳೆಗೆ ಸೇರಿಹೋಗುವುದು. ಎರಡಕ್ಕೂ ಒಂದಕ್ಕೊಂದು ಹೊಂದದ ಬೇರೆ ಬೇರೆ ಜಾತಿಯ ಪಿನ್ನುಗಳನ್ನು ಬಳಸುವುದು ಅಗ್ಗದ ವಿಮೆ.

ಶ್ರವಣಾಸಕ್ತರು ಮನೆಯಲ್ಲಿ ಇಟ್ಟುಕೊಳ್ಳುವ ಬೆಲೆಬಾಳುವ ಕಹಳೆ ಸ್ಪೀಕರುಗಳಲ್ಲಿ ಸಮಸ್ಯೆ ಇನ್ನೊಂದು ಮುಖ ತೋರಿಸುತ್ತದೆ. ಅಲ್ಲಿ ಸಾಮರ್ಥ್ಯದ ಮಾತೇ ಬರುವುದಿಲ್ಲ. 300ಬಿ ಎಂಬ ಹಳೆಯ ನಳಿಗೆಯ ಎಂಟು ವಾಟಿನ ಆಂಪ್ಲಿಫಯರ್ ತಾರದ ಭಾಗಕ್ಕೆ ಬೇಕಾದುದಕ್ಕಿಂತ ಹೆಚ್ಚು. ತೊಡಕಿರುವುದು ಮೌನದಲ್ಲಿ. ಆಂಪ್ಲಿಫಯರಿನ ಸಹಜವಾದ ಸುಯ್‌ಗುಟ್ಟುವಿಕೆ 88 ಡೆಸಿಬೆಲ್‌ನ ಸ್ಪೀಕರಿನಲ್ಲಿ ಕೇಳಿಸದಿದ್ದರೂ 108ರ ಕಹಳೆಯಲ್ಲಿ 20 ಡೆಸಿಬೆಲ್ ಎದ್ದು ನಿಲ್ಲುತ್ತದೆ. ಆಂಪ್ಲಿಫಯರಿನ ಮುಂಬದಿಯಲ್ಲಿ ಸಂಕೇತವನ್ನು ತಗ್ಗಿಸಿದರೆ ಈ ಸದ್ದು ತಗ್ಗುವುದಿಲ್ಲ, ಅದು ಹುಟ್ಟುವುದು ಆಂಪ್ಲಿಫಯರಿನೊಳಗೆ. ಆದ್ದರಿಂದ ಮನೆಯಲ್ಲಿ ದ್ವಿವರ್ಧನ ಮಾಡಿದ ಮೇಲೂ ಕಹಳೆಯ ದಾರಿಯಲ್ಲಿ ಆರೆಂಟು ಡೆಸಿಬೆಲ್‌ಗಳ ರೋಧಕವನ್ನು ಉಳಿಸಿಕೊಳ್ಳುವುದು ಯುಕ್ತ. ಬಯಲಿನಲ್ಲಿ ದೋಷವಾದುದು ಇಲ್ಲಿ ಗುಣವಾಗುತ್ತದೆ.

ಬಯಲು, ತೋಟ, ಒಣಗಾಳಿ

ಹಳ್ಳಿಯ ನಿರ್ವಾಹಕರಿಗೆ ಸಂವೇದಿತ್ವದ ಹೊಂದಾಣಿಕೆ ಹೊಸತೆಂದು ಭಾವಿಸಬೇಕಾಗಿಲ್ಲ. ಉದ್ದ ತಂತಿಗಳ ಮೇಲೆ 100 ವೋಲ್ಟ್ ಪದ್ಧತಿಯಲ್ಲಿ ಹತ್ತಾರು ಕಹಳೆಗಳನ್ನು ಕಟ್ಟುವಾಗ ಪ್ರತಿಯೊಂದರ ಟ್ರಾನ್ಸ್‌ಫಾರ್ಮರಿನಲ್ಲಿರುವ ಟ್ಯಾಪುಗಳನ್ನು ಬದಲಿಸಿ ಗುಡಿಯ ಹತ್ತಿರದ್ದಕ್ಕೆ ಕಡಮೆ, ದೂರದ ಬಯಲಿನದಕ್ಕೆ ಹೆಚ್ಚು ಕೊಡುವುದು ಅವರ ಕೈಗೆ ಬಂದ ವಿದ್ಯೆ. 30 ವಾಟಿನ ಟ್ಯಾಪಿನಿಂದ 15ಕ್ಕೆ ಇಳಿಸಿದರೆ 3 ಡೆಸಿಬೆಲ್ ಇಳಿಯುತ್ತದೆ. ಇದು ನೆಲವನ್ನು ನೋಡಿ ಮಾಡುವ ಹೊಂದಾಣಿಕೆ. ದ್ವಿವರ್ಧನ ಕೇಳುವುದು ಆವೃತ್ತಿಯನ್ನು ನೋಡಿ ಮಾಡುವ ಹೊಂದಾಣಿಕೆಯನ್ನು.

ಎರಡೂ ಸೇರುವುದು ಗಾಳಿಯಲ್ಲಿ. ಗಾಳಿ ತಾರ ಸ್ವರಗಳನ್ನು ಮಂದ್ರಕ್ಕಿಂತ ಬೇಗ ಹೀರುತ್ತದೆ. ಎಷ್ಟು ಹೀರುತ್ತದೆಂಬುದು ಉಷ್ಣತೆ ಮತ್ತು ತೇವದ ಮೇಲೆ ನಿಂತಿದೆ. ಅಂತರರಾಷ್ಟ್ರೀಯ ಮಾನಕದ ಪಟ್ಟಿಯಂತೆ 30 ಡಿಗ್ರಿ ಉಷ್ಣತೆ, ಶೇಕಡ 70 ತೇವವಿದ್ದಾಗ 4000 ಹರ್ಟ್ಸ್ ಧ್ವನಿ 100 ಮೀಟರಿನಲ್ಲಿ 2.3 ಡೆಸಿಬೆಲ್ ಕಳೆದುಕೊಂಡರೆ, 15 ಡಿಗ್ರಿ, ಶೇಕಡ 20 ತೇವದಲ್ಲಿ ಸುಮಾರು 9 ಡೆಸಿಬೆಲ್ ಕಳೆದುಕೊಳ್ಳುತ್ತದೆ. ಇವು ಎರಡು ತುದಿಗಳು. ಆದರೆ ಮಾತಿನ ವ್ಯಂಜನಗಳು, ಅದರಲ್ಲಿಯೂ ಸಕಾರ, ಚಕಾರ, ತಕಾರಗಳ ಸ್ಪಷ್ಟತೆ ನಿಂತಿರುವುದು ಸಾವಿರದಿಂದ ನಾಲ್ಕು ಸಾವಿರ ಹರ್ಟ್ಸ್‌ಗಳ ನಡುವೆ ಎಂಬುದನ್ನು ನೆನೆದರೆ ಜಗಳೂರಿನ ಒಣ ಬಯಲಿನಲ್ಲಿ ನೂರಾರು ಮೀಟರ್ ಆಚೆಗೆ ದನಿ ಮಾತ್ರ ಉಳಿದು ಮಾತು ಅಳಿಯುವುದರ ಕಾರಣ ತಿಳಿಯುತ್ತದೆ. ಅಲ್ಲಿ ದೂರದವರಿಗೆಂದು ತಿರುಗಿಸಿದ ಕಹಳೆಗಳ ತಾರವನ್ನು ಮೂರು ನಾಲ್ಕು ಡೆಸಿಬೆಲ್ ಎತ್ತರಿಸಿಡುವುದು ಸಾಧು. ಅದೇ ಸೆಟ್ಟು ಮರುವಾರ ಚನ್ನಗಿರಿಯ ತೋಟದ ನಡುವಿನ ಮದುವೆಯ ಮನೆಗೆ ಬಂದಾಗ ಅಷ್ಟನ್ನೂ ಇಳಿಸಬೇಕು. ಒಂದೇ ಆಂಪ್ಲಿಫಯರಿನ ಪೆಟ್ಟಿಗೆಯಲ್ಲಿ ಇದು ರೋಧಕ ಬದಲಿಸುವ ಕೆಲಸ. ದ್ವಿವರ್ಧನದಲ್ಲಿ ಒಂದು ಗುಬುಟಿನ ಕೆಲಸ.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಫೆಬ್ರವರಿಯಲ್ಲಿ ನಡೆಯುವ ಸಂತ ಸೇವಾಲಾಲ್ ಜಯಂತಿಯಂಥ ಬಹುದೊಡ್ಡ ಬಯಲು ಸಭೆಗಳಲ್ಲಿ ಇನ್ನೊಂದು ಸಂಗತಿ ಗಮನಕ್ಕೆ ಬಾರದಿರದು. ಹಗಲಲ್ಲಿ ನೆಲದ ಹತ್ತಿರದ ಗಾಳಿ ಕಾದಿರುವುದರಿಂದ ಧ್ವನಿ ಮೇಲಕ್ಕೆ ಬಾಗಿ ದೂರದವರ ತಲೆಯ ಮೇಲೆ ಹಾಯ್ದುಹೋಗುತ್ತದೆ; ಇರುಳಾಗಿ ನೆಲ ತಣಿದ ಮೇಲೆ ಕೆಳಕ್ಕೆ ಬಾಗಿ ಊರಾಚೆಯ ಮನೆಗಳನ್ನೂ ತಲುಪುತ್ತದೆ. ಹಗಲಿಗೆ ಹೊಂದಿಸಿದ ಮಟ್ಟವನ್ನು ರಾತ್ರಿಯೂ ಹಾಗೆಯೇ ಬಿಡುವುದು ನೆರೆಯ ಹಳ್ಳಿಯ ರೋಗಿಗೂ ಪರೀಕ್ಷೆಗೆ ಓದುವ ಮಕ್ಕಳಿಗೂ ಮಾಡುವ ಅನ್ಯಾಯ.

ಈ ಅನ್ಯಾಯಕ್ಕೆ ಕಾನೂನಿನ ಎಲ್ಲೆಯೂ ಇದೆ. ಕೇಂದ್ರ ಸರ್ಕಾರದ 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು ಗೊತ್ತುಪಡಿಸಿ, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕಗಳನ್ನು ನಿರ್ಬಂಧಿಸಿದವು; ವರ್ಷಕ್ಕೆ ಹದಿನೈದು ದಿನ ಮೀರದಂತೆ ನಡುರಾತ್ರಿಯವರೆಗೆ ಸಡಿಲಿಕೆ ನೀಡಲು ರಾಜ್ಯಗಳಿಗೆ ಅಧಿಕಾರ ದೊರೆತದ್ದು 2002ರ ತಿದ್ದುಪಡಿಯಲ್ಲಿ. ಸಾರ್ವಜನಿಕ ಸ್ಥಳದ ಗಡಿಯಲ್ಲಿ ಧ್ವನಿವರ್ಧಕದ ಮಟ್ಟ ಆ ಪ್ರದೇಶದ ಮಾನಕಕ್ಕಿಂತ 10 ಡೆಸಿಬೆಲ್ ಮೇಲೆ ಅಥವಾ 75 ಡೆಸಿಬೆಲ್, ಇವುಗಳಲ್ಲಿ ಯಾವುದು ಕಡಮೆಯೋ ಅದನ್ನು ಮೀರಕೂಡದೆಂದು ಸರ್ವೋಚ್ಚ ನ್ಯಾಯಾಲಯ 2005ರ ಜುಲೈ 18ರ ತೀರ್ಪಿನಲ್ಲಿ ವಿಧಿಸಿತು. ಈ ಸಂಖ್ಯೆಗಳನ್ನು ಕಹಳೆಯ ಸಂವೇದಿತ್ವದೊಡನೆ ಇಟ್ಟು ನೋಡಬೇಕು. ಊರ ನಡುವಿನ ಮೈದಾನದ ಗಡಿ ಕಹಳೆಯ ಎದುರಿಗೆ 100 ಮೀಟರ್ ದೂರದಲ್ಲಿದ್ದರೆ, 108 ಡೆಸಿಬೆಲ್‌ನ ಒಂದು ಕಹಳೆ ಹಗಲಿನ 65 ಡೆಸಿಬೆಲ್‌ನ ಮಿತಿಯನ್ನು ಅರ್ಧ ವಾಟಿನಲ್ಲಿಯೇ ಮುಟ್ಟುತ್ತದೆ. ರಾತ್ರಿಯ 55ಕ್ಕೆ ಅದರ ಹತ್ತನೆಯ ಒಂದು ಪಾಲು, ವಾಟಿನ ಇಪ್ಪತ್ತನೆಯ ಒಂದು ಭಾಗ ಸಾಕು. ಅದೇ ಕಹಳೆಗೆ ಜೋಡಿಸಲೆಂದು ಬಾಡಿಗೆ ಗಾಡಿಯಿಂದ ಇಳಿಯುವ ಆಂಪ್ಲಿಫಯರಿನ ಫಲಕದ ಮೇಲೆ ಬರೆದಿರುವುದು 250 ವಾಟ್.